ತಂಗಿ ಕಟ್ಟಬೇಕಿದ್ದ ಗಂಟು

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ತಾರಮಂಗಲಂ ಪಕ್ಕದ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಆಡದ ಮನೆಯಿಲ್ಲ, ಆದರೆ ಓದಲು ಬರುವವರು ನನ್ನ ಬಿಟ್ಟರೆ ಯಾರೂ ಇಲ್ಲ. ಶಾಲೆಯಲ್ಲಿ ಎಲ್ಲರೂ ಕಲಿತದ್ದು ತಮಿಳು. ನಾನು ಚಿಕ್ಕವಳಿದ್ದಾಗ ಕೊಳ್ಳೇಗಾಲದ ಕಡೆಗೆ ಮದುವೆಯಾಗಿ ಹೋಗಿದ್ದ ಸೋದರತ್ತೆಯ ಮನೆಯಲ್ಲಿ ಎರಡು ಬೇಸಿಗೆ ರಜೆ ಕಳೆದೆ. ಅಲ್ಲಿ ಅಕ್ಷರ ಕಲಿತು, ಆಮೇಲೆ ಕೈಗೆ ಸಿಕ್ಕಿದ ವಾರಪತ್ರಿಕೆ, ಪುಸ್ತಕ ಎಲ್ಲವನ್ನೂ ಓದಿ ಪಳಗಿದೆ. ಹಾಗಾಗಿ ಈ ನೋಟ್‌ಬುಕ್ಕನ್ನು ಮಗ್ಗದ ಮೇಲೆ ತೆರೆದಿಟ್ಟು ಹೋದರೂ ನನಗೆ ಭಯವಿಲ್ಲ. ನಾನು ಬರೆಯಬೇಕೆಂದಿರುವುದು ನಮ್ಮ ಬೀದಿಯವರು ಓದಬಾರದ ವಿಷಯ.

ನನ್ನ ತಂಗಿಗೆ ಈಗ ಮೂವತ್ತೊಂದು ವರ್ಷ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಮ್ಮಿಬ್ಬರ ನಡುವೆ ಒಬ್ಬ ತಮ್ಮ. ತಂಗಿ ಡೌನ್ ಸಿಂಡ್ರೋಮ್ ಇರುವವಳು, ಜೊತೆಗೆ ಹುಟ್ಟುವಾಗಲೇ ಹೃದಯದಲ್ಲಿ ತೂತು ಹೊತ್ತು ತಂದವಳು. ಅಂಥ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಇವೆರಡೂ ಒಟ್ಟಿಗೇ ಬರುತ್ತವಂತೆ. ಮನೆಯಲ್ಲಿ ಅವಳನ್ನು ಇವತ್ತಿಗೂ ಕೂಸು ಎಂದೇ ಕರೆಯುತ್ತೇವೆ. ಅದು ಅವಳಿಗೆ ಇಷ್ಟವಿಲ್ಲ. ಯಾರಾದರೂ ಹೊಸಬರ ಮುಂದೆ ಹಾಗೆ ಕರೆದರೆ ಗಲ್ಲ ಊದಿಸಿಕೊಂಡು, "ನಂಗೆ ಮೂವತ್ತೊಂದು" ಎಂದು ತಿದ್ದುತ್ತಾಳೆ.

ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೂಲೆಗೆ ಆಮ್ಲಜನಕದ ಯಂತ್ರ, ಇನ್ನೊಂದು ಮೂಲೆಗೆ ನನ್ನ ಗುಂಡಿಮಗ್ಗ. ಯಂತ್ರದಿಂದ ಹೊರಟ ಕೊಳವೆ ಅವಳ ಮೂಗಿನವರೆಗೆ ಬರುತ್ತದೆ. ಅದರ ಉದ್ದ ಹನ್ನೆರಡು ಅಡಿ. ಅಷ್ಟರಲ್ಲಿ ಅಡಿಗೆಮನೆ ಸಿಗುತ್ತದೆ, ಟಿವಿ ಸಿಗುತ್ತದೆ, ಹೊಸ್ತಿಲು ಸಿಗುತ್ತದೆ. ಬೀದಿಯ ಜಗಲಿ ಸಿಗುವುದಿಲ್ಲ. ಹೊಸ್ತಿಲಿನಲ್ಲಿ ಕೂತು, ಕಾಲನ್ನು ಮಾತ್ರ ಜಗಲಿಗೆ ಚಾಚಿ, ಹೋಗುವವರನ್ನೆಲ್ಲ "ಎಲ್ಲಿಗೆ?" ಎಂದು ಕೇಳುವುದು ಅವಳ ದಿನದ ಕೆಲಸ. ನಾನು ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅರ್ಧ ನೆಲದೊಳಗೆ ಹೂತವಳಂತೆ ನೇಯುತ್ತಿರುತ್ತೇನೆ. ಒಂದು ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

"ಅಕ್ಕಾ, ನೀ ಗುಂಡೀಲಿ. ನಾ ಪೈಪಲ್ಲಿ."

"ಸುಮ್ಕೆ ಕೂತ್ಕ" ಎಂದು ಗದರಿಸಿದೆ. ನನಗೆ ಮೂಗಿನ ತುದಿಯಲ್ಲಿ ಕೋಪ. ನಿಜ ಹೇಳಿದರಂತೂ ಇನ್ನೂ ಬೇಗ ಬರುತ್ತದೆ.

ಅವಳು ಹುಟ್ಟಿದಾಗ ಸೇಲಂನ ಆಸ್ಪತ್ರೆಯಲ್ಲಿ ಸರಿಯಾಗಿಯೇ ಹೇಳಿದ್ದರು. ಹೃದಯದ ನಡುಗೋಡೆಯಲ್ಲಿ ದೊಡ್ಡ ತೂತಿದೆ, ಮೊದಲ ವರ್ಷ ಮುಗಿಯುವುದರೊಳಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮುಚ್ಚಿಸಿ, ತಡ ಮಾಡಬೇಡಿ ಎಂದು. ಮೊದಲ ತಿಂಗಳುಗಳ ನೆನಪು ನನಗೂ ಇದೆ. ಹಾಲು ಕುಡಿಯುವಾಗ ಅವಳ ಹಣೆಯಲ್ಲಿ ಬೆವರು ಕಿತ್ತುಬರುತ್ತಿತ್ತು. ಎರಡು ಗುಟುಕಿಗೆ ಸುಸ್ತಾಗಿ ಮೊಲೆ ಬಿಡುತ್ತಿದ್ದಳು. ಪಕ್ಕೆ ಒಳಗೆ ಸೆಳೆದು ಸೆಳೆದು ಉಸಿರಾಡುತ್ತಿದ್ದಳು. ಅಪ್ಪ ಇವತ್ತು ನಾಳೆ ಎನ್ನುತ್ತಿದ್ದ. ಅಷ್ಟು ಚಿಕ್ಕ ಎದೆಗೆ ಕತ್ತಿ ಹಾಕಿಸಿದರೆ ಉಳಿಯುತ್ತದಾ ಎಂದು ದೊಡ್ಡವರು ಹೆದರಿಸುತ್ತಿದ್ದರು. ಹೀಗೇ ವರ್ಷ ತುಂಬಿತು.

ವರ್ಷ ತುಂಬಿದ ಮೇಲೆ ಆದದ್ದೇ ಬೇರೆ. ಏದುಸಿರು ಕಡಿಮೆಯಾಯಿತು. ಹಾಲು ಕುಡಿದಳು, ಗುಂಡುಗುಂಡಾದಳು. ಪದೇಪದೇ ಬರುತ್ತಿದ್ದ ಎದೆ ಕಟ್ಟುವ ಜ್ವರವೂ ದೂರವಾಯಿತು. ನಮ್ಮ ಕುಲದೇವತೆ ಚೌಡಮ್ಮನೇ ತೂತು ಮುಚ್ಚಿದಳು ಎಂದು ಅಮ್ಮ ಬೀದಿಗೆಲ್ಲ ಸಾರಿದಳು. ಹರಕೆ ಹೊತ್ತಿದ್ದಂತೆ ಎದೆಯ ಆಕಾರದ ಬೆಳ್ಳಿ ತಗಡು ಮಾಡಿಸಿ ಗುಡಿಗೆ ಒಪ್ಪಿಸಿದೆವು. ಆಸ್ಪತ್ರೆಗೆ ಮತ್ತೆ ಯಾರೂ ಹೋಗಲಿಲ್ಲ. ವಾಸಿಯಾದ ಮಗುವನ್ನು ಯಾರಾದರೂ ಡಾಕ್ಟರಿಗೆ ತೋರಿಸುತ್ತಾರೆಯೇ?

ತಂಗಿ ದೊಡ್ಡವಳಾಗುತ್ತ ಕೆಲಸ ಕಲಿತಳು. ಶಾಲೆಯಲ್ಲಿ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಮರೆತಿದ್ದರು, ಮನೆಯಲ್ಲಿ ಹಾಗೆ ಮರೆಯಲು ಬರುತ್ತಿರಲಿಲ್ಲ. ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು, ಅಂದರೆ ಲಾಳಿಯೊಳಗೆ ಇಡುವ ಪುಟ್ಟ ಕೊಳವೆಗೆ ನೂಲು ತುಂಬುವುದು. ಎಳೆ ಕಡಿದರೆ ಗಂಟು ಹಾಕುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಮೊಂಡು ಬೆರಳು, ನಿಧಾನದ ಕೈ, ಆದರೆ ಗಂಟು ಸಾಸಿವೆಗಿಂತ ಸಣ್ಣದು, ಬಟ್ಟೆ ನೇಯ್ದ ಮೇಲೆ ಎಲ್ಲಿತ್ತೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ತಮ್ಮ ಅವಳನ್ನು ರೇಗಿಸುತ್ತಿದ್ದ.

"ಲೇ, ನನ್ ಮದ್ವೇಲಿ ನೀನೇ ಗಂಟು ಆಕ್ಬೇಕು. ಬಿಚ್ಚೋಗಂಗೇ ಇಲ್ಲ ಅಂಗೆ."

ನಮ್ಮ ಕಡೆ ತಾಳಿಯ ಮೊದಲ ಗಂಟು ಮಾತ್ರ ಗಂಡಿನದು. ಉಳಿದ ಎರಡು ಗಂಟು ಹಾಕುವುದು ಅವನ ಅಕ್ಕತಂಗಿಯರು. ಮದುಮಗಳ ಹಿಂದೆ ನಿಂತು ನಾದಿನಿ ಗಂಟು ಬಿಗಿದರೇನೇ ಮದುವೆ ಗಟ್ಟಿ ಎಂಬ ಮಾತಿದೆ. ತಮ್ಮ ತಮಾಷೆಗೆ ಹೇಳಿದ್ದು, ಅವಳು ತಮಾಷೆಗೆ ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ಅದು ಅವಳ ಹಕ್ಕಾಯಿತು. ಬೀದಿಯಲ್ಲಿ ಯಾರದೇ ಮದುವೆಯ ಮಾತು ಬಂದರೂ, "ಅಣ್ಣಂದು ನಾನು" ಎನ್ನುತ್ತಿದ್ದಳು.

ಅವಳಿಗೆ ಹದಿಮೂರೋ ಹದಿನಾಲ್ಕೋ ಆದಾಗಿನಿಂದ ನಮಗೆ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದ ಮುದಲಾಳಿ ಒಂದೇ ಸಮ ನೀಲಿ ಬಣ್ಣದ್ದೇ ಕೊಡುತ್ತಿದ್ದರು. ಕಡುನೀಲಿ ಸೀರೆಗೆ ಆಗ ಬೇಡಿಕೆ. ಹೊಸ ಬಣ್ಣದ ನೂಲು ಕೈಗೆ ಹತ್ತುತ್ತದೆ, ನೇಕಾರರ ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಮ್ಮನ ಉಗುರು ನೀಲಿ, ನನ್ನ ಉಗುರು ನೀಲಿ, ತಂಗಿಯ ಉಗುರೂ ನೀಲಿ. ಅವಳ ತುಟಿಯೂ ನೀಲಿಯಾಗಿತ್ತು. ಅದಕ್ಕೂ ನಮ್ಮ ಬಳಿ ಉತ್ತರವಿತ್ತು: ಗಂಟು ಹಾಕುವ ಮುಂಚೆ ಎಳೆಯ ತುದಿಯನ್ನು ಬಾಯಲ್ಲಿ ಒದ್ದೆ ಮಾಡುವ ಅಭ್ಯಾಸ ಅವಳಿಗೆ. "ಬಣ್ಣ ತಿಂತಾಳೆ ಕಳ್ಳಿ" ಎಂದು ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಅವಳ ತುಟಿ ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಹೋಗುತ್ತಿರಲಿಲ್ಲ. ಒಳ್ಳೆ ಬಣ್ಣ, ಗಟ್ಟಿ ಬಣ್ಣ ಎಂದುಕೊಂಡೆವು. ನಾನು ಆಗ ಬಿ.ಕಾಂ. ಮುಗಿಸಿದ್ದ ಬುದ್ಧಿವಂತೆ, ನಾನೂ ಹಾಗೇ ಅಂದುಕೊಂಡೆ.

ಅವಳು ನಾಲ್ಕು ಹೆಜ್ಜೆಗೆ ನಿಲ್ಲುತ್ತಿದ್ದುದನ್ನು ಸೋಮಾರಿತನ ಎಂದುಕೊಂಡಿದ್ದೆವು. ಗುಡಿಯ ಮೆಟ್ಟಿಲಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದಳು, ಹಟ ಎಂದು ಒಂದೆರಡು ಬಾರಿ ನಾನೇ ಬೆನ್ನಿಗೆ ಹೊಡೆದಿದ್ದೇನೆ. ಆ ಏಟುಗಳ ನೆನಪು ನನಗೆ ಇವತ್ತೂ ಅಂಗೈಯಲ್ಲಿ ಇದೆ.

ಮುಂದೆ ಒಂದು ಆಷಾಢದ ಹೊತ್ತಿಗೆ ಮುದಲಾಳಿ ಹಳದಿ ನೂಲು ಕೊಟ್ಟರು. ಹತ್ತು ದಿನಕ್ಕೆ ಎಲ್ಲರ ಬೆರಳೂ ಹಳದಿಯಾಯಿತು. ಒಂದು ಮಧ್ಯಾಹ್ನ ಅಮ್ಮ ತಂಗಿಗೆ ಉಗುರು ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟಳು. ಅವಳ ಕೈಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಇದೇನ ಇದು? ನೂಲು ಅಳದಿ, ಉಗುರು ಯಾಕೆ ನೀಲಿ ಐತೆ?"

ನಾನು ಎದ್ದು ಬಂದು ನೋಡಿದೆ. ಬೆರಳ ತುದಿಯ ಚರ್ಮ ಹಳದಿ, ಉಗುರಿನ ಒಳಗೆ ನೀಲಿ. ಬೆರಳ ತುದಿಗಳು ಊದಿ ಉರುಟಾಗಿದ್ದವು, ಅದನ್ನೂ ಅವತ್ತೇ ಕಂಡದ್ದು. ಬಾಯಿ ತೆರೆಸಿ ನೋಡಿದರೆ ನಾಲಿಗೆಯೂ ನೀಲಿ. ಮರುದಿನ ಬೆಳಿಗ್ಗೆ ಸೇಲಂಗೆ ಹೊರಟೆವು.

ಅಲ್ಲಿನ ವಯಸ್ಸಾದ ಡಾಕ್ಟರ್ ಎದೆಯ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದನ್ನು ನಾನು ಎಷ್ಟೋ ಬಾರಿ ನನಗೇ ಹೇಳಿಕೊಂಡಿದ್ದೇನೆ. ತೂತು ಮುಚ್ಚಿರಲೇ ಇಲ್ಲ. ಆ ತೂತಿನಿಂದ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಜೋರಾಗಿ ನುಗ್ಗಿ ನುಗ್ಗಿ, ಲಾಳಿ ಆಡಿಸಿ ನನ್ನ ಅಂಗೈ ಗಟ್ಟಿಯಾದ ಹಾಗೆ, ಅಲ್ಲಿನ ಸಣ್ಣ ರಕ್ತನಾಳಗಳೆಲ್ಲ ಗಟ್ಟಿಯಾಗಿದ್ದವು. ಇಂಥ ಮಕ್ಕಳಲ್ಲಿ ಅದು ಬೇರೆಯವರಿಗಿಂತ ಬೇಗ ಆಗುತ್ತದೆ. ವರ್ಷ ತುಂಬಿದ ಮೇಲೆ ಅವಳಿಗೆ ಏದುಸಿರು ನಿಂತಿತಲ್ಲ, ಅದು ವಾಸಿಯಾದ ಗುರುತಲ್ಲ, ನಾಳಗಳು ಗಟ್ಟಿಯಾಗಲು ಶುರುವಾದ ಗುರುತು. ಈಗ ಒತ್ತಡ ತಿರುಗಿ, ಶುದ್ಧವಾಗದ ರಕ್ತ ಅದೇ ತೂತಿನಿಂದ ಮೈಗೆಲ್ಲ ಹರಿಯುತ್ತಿದೆ. ನೀಲಿ ಅದರದು.

"ಹಾಗಾದರೆ ಈಗ ಮುಚ್ಚಿ" ಎಂದೆ ನಾನು.

ಈಗ ಮುಚ್ಚಿದರೆ ಸಾಯುತ್ತಾಳೆ ಎಂದರು. ಆ ಒತ್ತಡಕ್ಕೆ ಹೊರಹೋಗಲು ಇರುವ ದಾರಿ ಅದೊಂದೇ. ಯಾವ ತೂತು ಅವಳನ್ನು ಕೆಡಿಸಿತೋ ಅದೇ ಈಗ ಅವಳನ್ನು ಉಳಿಸಿಕೊಂಡಿದೆ. ಬಸ್ಸು ಓಮಲೂರು ದಾಟಿದ ಮೇಲೆ ಅಮ್ಮ ಒಂದೇ ಒಂದು ಮಾತು ಕೇಳಿದಳು: "ಅಂಗಾದ್ರೆ ಆ ತಾಯಿ ಮುಚ್ಚಿದ್ದು ಏನ?"

ಅಲ್ಲಿಂದ ಶುರುವಾಯಿತು ನಮ್ಮ ಕಟ್ಟುಪಾಡು. ಮೆಟ್ಟಿಲು ಹತ್ತಬಾರದು. ಬಿಸಿಲಿನಲ್ಲಿ ನಿಲ್ಲಬಾರದು. ನೀರು ಕುಡಿಯದೆ ಇರಬಾರದು. ನೆಗಡಿಯವರ ಪಕ್ಕ ಕೂರಬಾರದು. ಏರ್ಕಾಡಿನಂಥ ಎತ್ತರದ ಬೆಟ್ಟಕ್ಕೆ ಹೋಗಬಾರದು. ಹಲ್ಲು ಕೀಳಿಸಬೇಕಾದರೂ ಹೃದಯದ ಡಾಕ್ಟರನ್ನು ಕೇಳಬೇಕು. ಇಷ್ಟು ಬಾರದುಗಳ ಜೊತೆ ನಾನೇ ಇನ್ನಷ್ಟು ಸೇರಿಸಿದೆ. ನಾನು ಅಂಗಡಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಡಾಕ್ಟರ್ ಹಾಗೆ ಹೇಳಿರಲಿಲ್ಲ.

ಮಾತ್ರೆಗಳಲ್ಲಿ ಒಂದು, ಗಂಡಸರು ಗುಟ್ಟಾಗಿ ಕೊಳ್ಳುವಂಥದ್ದು. ಶ್ವಾಸಕೋಶದ ನಾಳಗಳನ್ನು ಸಡಿಲಿಸುವುದಕ್ಕೂ ಅದೇ ಮಾತ್ರೆಯಂತೆ. ಇದು ಡಾಕ್ಟರಿಗೆ ಗೊತ್ತು, ನನಗೆ ಗೊತ್ತು, ನಮ್ಮೂರ ಔಷಧಿ ಅಂಗಡಿಯವನಿಗೆ ಗೊತ್ತಿರಲಿಲ್ಲ. ಚೀಟಿ ನೋಡಿದ, ನನ್ನನ್ನು ನೋಡಿದ, ಮದುವೆಯಾಗದ ನನ್ನ ಬರಿ ಕೊರಳು ನೋಡಿದ.

"ಯಾರುಕ್ಕು ಮಾ?" ಯಾರಿಗೆ ಎಂದು ಕೇಳುವಾಗ ತುಟಿ ಕಚ್ಚಿಕೊಂಡು ನಗು ತಡೆದಿದ್ದ.

"ಎನ್ ತಂಗಚ್ಚಿಕ್ಕು" ಎಂದೆ. ತಂಗಿಗೆ ಎಂದ ಮೇಲೆ ಅವನ ನಗು ಇನ್ನೂ ಹೆಚ್ಚಾಯಿತು. ಆಮೇಲೆ ನಾನು ಆಡಿದ ಮಾತನ್ನು ಬರೆಯಲಾರೆ, ಸರದಿಯಲ್ಲಿ ನಿಂತಿದ್ದವರೆಲ್ಲ ಹಿಂದೆ ಸರಿದರು ಎಂದಷ್ಟೇ ಹೇಳುತ್ತೇನೆ. ಮುಂದಿನ ತಿಂಗಳಿನಿಂದ ನನ್ನ ತಲೆ ಕಂಡ ಕೂಡಲೇ ಅವನು ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಇಟ್ಟಿರುತ್ತಿದ್ದ, ಬಹಳ ಮರ್ಯಾದೆ.

ನನಗೂ ಸಂಬಂಧಗಳು ಬರುತ್ತಿದ್ದವು. ಬಂದವರು ಕಾಫಿ ಕುಡಿದು, ಹೊಸ್ತಿಲಲ್ಲಿ ಕೂತ ತಂಗಿಯನ್ನು ನೋಡಿ, "ನಿಮ್ಮಮ್ಮನ ಕಾಲ ಆದ್ಮೇಲೆ ಇದನ್ನ ಯಾರು ನೋಡ್ಕಳದು?" ಎಂದು ಕೇಳುತ್ತಿದ್ದರು. ನಾನೇ ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಪ್ಪ ಹೋದ ಮೇಲೆ ಕೇಳುವವರೂ ನಿಂತರು. ನಾನು ತ್ಯಾಗಮಯಿ ಎಂದು ಬೀದಿಯವರು ಹೊಗಳುತ್ತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಯಾರೂ ನನ್ನನ್ನು ಕೇಳಿ ಇಲ್ಲಿ ಕೂರಿಸಲಿಲ್ಲ, ನಾನು ಒಪ್ಪಿಯೂ ಕೂರಲಿಲ್ಲ.

ತಮ್ಮನಿಗೆ ಕಾರಿಮಂಗಲದ ಕರೆಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿ ಕೆಲವು ವರ್ಷವಾಗಿತ್ತು. ಹೋದ ವರ್ಷದ ಹಿಂದಿನ ವರ್ಷ ಕಂಬೈನಲ್ಲೂರು ಕಡೆಯ ಹುಡುಗಿ ಗೊತ್ತಾಯಿತು. ನಮ್ಮ ಜನವೇ, ಮನೆಯಲ್ಲಿ ಕನ್ನಡ ಆಡುವವರೇ. ನಿಶ್ಚಿತಾರ್ಥದ ಮಾತಿಗೆ ಅವರು ಮನೆಗೆ ಬರುವ ದಿನ ತಂಗಿಯನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟೆವು. ಯಾರು ಹಾಗೆ ಮಾಡೋಣ ಎಂದರು ಎಂದು ಈಗ ಯಾರಿಗೂ ನೆನಪಿಲ್ಲ. ಆದರೂ ಅವರಿಗೆ ವಿಷಯ ಗೊತ್ತಿತ್ತು. ಹೊರಡುವಾಗ ಹುಡುಗಿಯ ಅಮ್ಮ ನನ್ನ ಕೈ ಹಿಡಿದು ಅಡಿಗೆಮನೆಗೆ ಕರೆದೊಯ್ದರು.

"ತಪ್ಪು ತಿಳ್ಕಾಬ್ಯಾಡಮ್ಮ. ನಮ್ ಕಡೆ ನೆಂಟರ ಬಾಯಿ ಸುಮ್ಕಿರಲ್ಲ. ನಾಳೆ ನಮ್ ಉಡುಗಿಗೆ ಉಟ್ಟೋವೂ ಇಂಗೇ ಆದ್ರೆ ಅಂತಾರೆ. ಮದ್ವೆಗೆ ಬರ್ಲಿ, ಬ್ಯಾಡ ಅನ್ನಲ್ಲ. ಸ್ಟೇಜ್ ಮ್ಯಾಲೆ ಮಾತ್ರ..."

ಬೇರೆ ದಿನವಾಗಿದ್ದರೆ ಔಷಧಿ ಅಂಗಡಿಯವನಿಗೆ ಆದದ್ದೇ ಅವರಿಗೂ ಆಗುತ್ತಿತ್ತು. ಅವತ್ತು ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಅದಕ್ಕೇನು, ಡಾಕ್ಟರೇ ಮೆಟ್ಲು ಅತ್ತಬಾರ್ದು ಅಂದವ್ರೆ. ಮಂಟಪ ಮಾಡಿ ಮ್ಯಾಲೆ ತಾನೆ ಐತೆ?"

ಆಕೆಯ ಮುಖ ಅರಳಿತು. ಹೊರಗೆ ಬಂದು ತಮ್ಮನಿಗೆ ಹೇಳಿದೆ, ಅವನ ಮುಖವೂ ಅರಳಿತು. ಯಾರೂ ಕೆಟ್ಟವರಾಗಬೇಕಿರಲಿಲ್ಲ. ಅವಳ ಕಾಯಿಲೆ ನಮಗೆಲ್ಲ ಅಷ್ಟು ಅನುಕೂಲ ಮಾಡಿಕೊಟ್ಟಿತು.

ತಂಗಿಗೆ ಮಾತ್ರ ಇದು ಯಾವುದೂ ತಲೆಗೆ ಹೋಗಲಿಲ್ಲ. ಅವಳು ಅರಿಸಿನ ಹಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ದಿನಾ ಗಂಟು ಹಾಕುತ್ತಿದ್ದಳು. ಹಾಕುವುದು, ಎಳೆದು ನೋಡುವುದು, ಬಿಚ್ಚುವುದು. ಎರಡು ಗಂಟಿಗೆ ಉಸಿರು ಹತ್ತಿದರೆ ಕುರ್ಚಿಗೆ ತಲೆಯಾನಿಸಿ ನಿಂತು ಮತ್ತೆ ಶುರು. ನೀನು ಹಾಕುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ.

ಮದುವೆಗೆ ಮೂರು ವಾರ ಇದ್ದಾಗ ಸೇಲಂಗೆ ತಪಾಸಣೆಗೆ ಹೋದೆವು. ಹಳೆಯ ಡಾಕ್ಟರ್ ನಿವೃತ್ತರಾಗಿ ಅವರ ಜಾಗಕ್ಕೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದರು. ಆಕೆಯದು ಒಂದು ವಿಚಿತ್ರ ಅಭ್ಯಾಸ, ಪ್ರಶ್ನೆಗಳನ್ನು ನನ್ನನ್ನು ಕೇಳದೆ ತಂಗಿಯನ್ನೇ ಕೇಳುವುದು. ಎಷ್ಟು ದಿಂಬು ಇಟ್ಟು ಮಲಗುತ್ತೀ, ಕಾಲು ಊದುತ್ತದಾ, ತಲೆ ಸುತ್ತುತ್ತದಾ ಎಂದೆಲ್ಲ. ತಂಗಿ ಆಕೆಯ ಮುಂದೆ ನೆಟ್ಟಗೆ ಕೂತು, ಮನೆಯಲ್ಲಿ ಎಂದೂ ಆಡದ ಚೊಕ್ಕ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಕೊನೆಗೆ ಡಾಕ್ಟರಮ್ಮ, ನಿನಗೇನಾದರೂ ಕೇಳುವುದಿದೆಯಾ ಎಂದರು.

"ಅಣ್ಣನ್ ಕಲ್ಯಾಣತ್ತುಲ ನಾನ್ ಮುಡಿಚ್ಚು ಪೋಡಲಾಮಾ?"

ಅಣ್ಣನ ಮದುವೆಯಲ್ಲಿ ನಾನು ಗಂಟು ಹಾಕಬಹುದಾ ಎಂದು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ, ಇದಕ್ಕೆಂದೇ ತಯಾರಾಗಿ ಬಂದಿದ್ದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದಾರಾಳಮಾ ಪೋಡುಂಗ" ಎಂದರು. ಧಾರಾಳವಾಗಿ ಹಾಕಿ. ಆಮೇಲೆ ನನ್ನ ಕಡೆ ತಿರುಗಿ ಒಂದೊಂದಾಗಿ ವಿವರಿಸಿದರು: ಮೆಟ್ಟಿಲು ಅವಳಾಗಿ ಹತ್ತುವುದು ಬೇಡ, ಇಬ್ಬರು ಗಂಡಸರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಲಿ. ಸಣ್ಣ ಸಿಲಿಂಡರ್ ಜೊತೆಗಿರಲಿ. ಹೋಮದ ಹೊಗೆಯ ಪಕ್ಕ ಕೂರಿಸಬೇಡಿ. ಮುಹೂರ್ತ ಎಂದು ಉಪವಾಸ ಇಡಬೇಡಿ. ಆಯಾಸವಾದರೆ ತಕ್ಷಣ ಕರೆದುಕೊಂಡು ಬನ್ನಿ. "ಇವಳಿಗೆ ಎಷ್ಟು ದಿನ ಇದೆ ಅಂತ ನಾನು ಹೇಳಲಾರೆ. ಇರುವ ದಿನದಲ್ಲಿ ಇಂಥದ್ದು ಬೇಕು" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ನಾನು ಸರಿ ಎಂದೆ.

ಬಸ್ಸಿನಲ್ಲಿ ತಂಗಿ ಪಕ್ಕದ ಸೀಟಿನ ಹೆಂಗಸಿಗೆ, ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ, ಎಲ್ಲರಿಗೂ ಹೇಳಿದಳು. ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಕುರ್ಚಿ ಎತ್ತುವ ಇಬ್ಬರು ಸಿಗುವುದಿಲ್ಲವೇ? ಖಂಡಿತ ಸಿಗುತ್ತಾರೆ, ಕರೆಂಟ್ ಆಫೀಸಿನವರು ಕಂಬವನ್ನೇ ಎತ್ತುತ್ತಾರೆ. ನನ್ನ ಕಷ್ಟ ಅದಲ್ಲ. ನಾಲ್ಕುನೂರು ಜನರ ಮುಂದೆ ಅವಳು ಕುರ್ಚಿಯಲ್ಲಿ ಮೇಲೆ ಬರುತ್ತಾಳೆ. ಮೂಗಿಗೆ ಕೊಳವೆ. ಎಲ್ಲರೂ ಊಟ ಬಿಟ್ಟು ನೋಡುತ್ತಾರೆ. ಅವಳ ಪಕ್ಕ ಸಿಲಿಂಡರ್ ಹಿಡಿದು ನಿಲ್ಲುವವಳು ನಾನು. ನನ್ನ ಕೊರಳಿಗೆ ತಾಳಿಯಂತೂ ಬರಲಿಲ್ಲ, ಇನ್ನೊಬ್ಬಳ ಕೊರಳಿನ ತಾಳಿಗಾದರೂ ಗಂಟು ಹಾಕುತ್ತೇನೆ, ಒಂದು ದಿನವಾದರೂ ಬರೀ ಮದುಮಗನ ಅಕ್ಕನಾಗಿ ನಿಲ್ಲುತ್ತೇನೆ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ರೇಷ್ಮೆ ಸೀರೆ ನಾನೇ ನೇಯ್ದುಕೊಂಡಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದಾಗ ತಮ್ಮ ಲಗ್ನಪತ್ರಿಕೆಗಳನ್ನು ಹಾಸಿಕೊಂಡು ಕೂತಿದ್ದ. ಅಮ್ಮ ಮೂಲೆಗಳಿಗೆ ಅರಿಸಿನ ಹಚ್ಚುತ್ತಿದ್ದಳು. ತಂಗಿ ಹೊಸ್ತಿಲು ದಾಟುವ ಮುಂಚೆಯೇ ಕೂಗಿದಳು.

"ಡಾಕ್ಟರ್ ಏಳ್ದ್ರು. ನಾನ್ ಗಂಟು ಆಕ್ಬೋದು. ಕುರ್ಚೀಲಿ ಓಗದು."

ತಮ್ಮನ ಕೈ ನಿಂತಿತು. ಅಮ್ಮನ ಕೈ ನಿಂತಿತು. ಇಬ್ಬರೂ ನನ್ನನ್ನು ನೋಡಿದರು. ಅವಳ ಮಾತನ್ನು ನಮ್ಮ ಮನೆಯಲ್ಲಿ ಯಾವತ್ತೂ ನನ್ನ ಮಾತಿನ ಜೊತೆ ಕೂಡಿಸಿಯೇ ನಂಬುತ್ತಿದ್ದದ್ದು. ಅವಳಿಗೆ ಹೊಟ್ಟೆನೋವು ಎಂದರೂ ನಾನು ಹೌದು ಎನ್ನಬೇಕು.

"ಅಕ್ಕಾ, ಅಂಗಂದ್ರಾ?" ಎಂದ ತಮ್ಮ. ಅವನ ಕಣ್ಣು ಇಲ್ಲ ಎನ್ನು ಎಂದು ಬೇಡುತ್ತಿತ್ತು. ಅವನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ, ಅವನು ಬೇಡದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

"ಅಂಗೆಲ್ಲ ಏನೂ ಏಳ್ಲಿಲ್ಲ. ಓಗ್ಲೇಬಾರ್ದು ಅಂದ್ರು. ಅದಕ್ಕೆ ಏನ್ ಅರ್ಥ ಆಯ್ತೋ ಏನೋ."

ಅದಕ್ಕೆ ಎಂದೆ. ನನ್ನ ತಂಗಿಗೆ ಅವಳೆದುರೇ ಅದು ಎಂದೆ.

ಅವಳು ಬಾಯಿ ಸ್ವಲ್ಪ ತೆರೆದುಕೊಂಡು ನನ್ನ ಮುಖವನ್ನೇ ನೋಡಿದಳು. ಲಾಳಿ ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡುವಾಗ ಹೀಗೆಯೇ ನೋಡುತ್ತಾಳೆ. "ಏಳ್ದ್ರು" ಎಂದಳು ಇನ್ನೊಂದು ಸಲ, ಮೆತ್ತಗೆ. ಅಮ್ಮ "ಆಯ್ತು ಕೂಸೆ, ಕಾಲ್ ತೊಳ್ಕ ಬಾ" ಎಂದಳು. ಅವಳು ಒಳಗೆ ಹೋಗಿ ತಾನೇ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕೂತಳು. ಅವತ್ತಿನಿಂದ ಕುರ್ಚಿಗೆ ದಾರ ಸುತ್ತುವುದು ನಿಂತಿತು.

ಮದುವೆಯ ದಿನ ಪಕ್ಕದ ಮನೆಯ ಅಜ್ಜಿಯನ್ನು ಅವಳ ಜೊತೆ ಬಿಟ್ಟು ಹೊರಟೆವು. ವ್ಯಾನು ತೊಪ್ಪೂರು ಘಾಟಿ ಹತ್ತುವಾಗ ಹೆಂಗಸರೆಲ್ಲ ಹಾಡು ಹೇಳುತ್ತಿದ್ದರು, ನಾನೂ ದನಿ ಸೇರಿಸಿದೆ. ಮಂಟಪಕ್ಕೆ ಇಪ್ಪತ್ತಾರು ಮೆಟ್ಟಿಲು. ಅಗಲವಾದ ಮೆಟ್ಟಿಲು. ಎರಡು ಕುರ್ಚಿಯನ್ನು ಪಕ್ಕಪಕ್ಕ ಎತ್ತಿಕೊಂಡು ಹೋದರೂ ಜಾಗ ಉಳಿಯುತ್ತಿತ್ತು.

ತಮ್ಮ ಮೊದಲ ಗಂಟು ಹಾಕಿ ಕೈ ತೆಗೆದ. ನಾನು ಮದುಮಗಳ ಹಿಂದೆ ಬಗ್ಗಿ ದಾರ ಹಿಡಿದೆ. ಇಪ್ಪತ್ತು ವರ್ಷ ನೂಲಿನಲ್ಲೇ ಬದುಕಿದ ಕೈ, ಆ ಒದ್ದೆ ದಾರ ಎರಡು ಬಾರಿ ಜಾರಿತು. ಓಲಗ ಜೋರಾಗಿತ್ತು, ಅಕ್ಷತೆ ನನ್ನ ಬೆನ್ನಿಗೆ ಬೀಳುತ್ತಿತ್ತು. ಮದುಮಗಳು ತಲೆ ಬಗ್ಗಿಸಿಕೊಂಡೇ ಕೇಳಿದಳು.

"ಚಿಕ್ಕೋರು ಬರ್ಲಿಲ್ವಾ? ಅವ್ರೇ ಗಂಟು ಆಕ್ತಾರೆ ಅಂತ ಇವ್ರು ಏಳಿದ್ರು, ಮೊದ್ಲು."

ಮದುಮಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ. ಹುಷಾರಿಲ್ಲ ಎಂದು ಹೇಳಿ ಮೂರನೇ ಗಂಟು ಬಿಗಿದೆ. ಫೋಟೊದಲ್ಲಿ ನಾನು ನಗುತ್ತಿದ್ದೇನೆ. ಎಲ್ಲರೂ ಸೀರೆ ಚೆನ್ನಾಗಿದೆ ಎನ್ನುತ್ತಾರೆ.

ಮನೆಗೆ ಬಂದಾಗ ತಂಗಿ ಹೊಸ್ತಿಲಲ್ಲೇ ಇದ್ದಳು. ಲಾಡು ಕೊಟ್ಟೆ, ತಿಂದಳು. ಮದುಮಗಳ ಸೀರೆ ಯಾವ ಬಣ್ಣ ಎಂದು ಕೇಳಿದಳು. ಗಂಟಿನ ವಿಷಯ ಕೇಳಲಿಲ್ಲ. ಕೇಳಿ ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆನೋ ಏನೋ. ಅವಳು ಆ ದಾರಿಯನ್ನೂ ನನಗೆ ಉಳಿಸಲಿಲ್ಲ.

ಎರಡು ತಿಂಗಳು ಕಳೆದು ಮತ್ತೆ ಸೇಲಂಗೆ ಹೋಗುವ ದಿನ ಬಂತು. ನನಗೆ ಹೋಗಲು ಕಾಲೇ ಬರಲಿಲ್ಲ. ತಮ್ಮನನ್ನು ಕಳಿಸೋಣ ಎಂದು ನೋಡಿದೆ, ಅವನಿಗೆ ರಜೆ ಸಿಗಲಿಲ್ಲ. ದಾರಿಯುದ್ದಕ್ಕೂ ಡಾಕ್ಟರಮ್ಮ ಮರೆತಿರಲಿ ಎಂದು ಬೇಡಿಕೊಂಡೆ. ಅಷ್ಟು ರೋಗಿಗಳ ನಡುವೆ ಒಂದು ಗಂಟು ಯಾರಿಗೆ ನೆನಪಿರುತ್ತದೆ?

ಆಕೆಗೆ ನೆನಪಿತ್ತು. ನಾವು ಬಾಗಿಲು ತೆರೆದು ಒಳಗೆ ಹೋಗುತ್ತಿದ್ದ ಹಾಗೇ ನಗುತ್ತ ತಂಗಿಯನ್ನು ಕೇಳಿದರು, ಅಣ್ಣನ ಮದುವೆ ಹೇಗಾಯಿತು, ಗಂಟು ಹಾಕಿದೆಯಾ ಎಂದು.

ಈ ಕೋಣೆಯೊಂದರಲ್ಲಿ ಅವಳ ಮಾತಿಗೆ ಬೆಲೆಯಿತ್ತು. ಅಕ್ಕ ಸುಳ್ಳು ಹೇಳಿದಳು ಎಂದರೆ ನಂಬುವ ಒಬ್ಬರು ಎದುರಿಗಿದ್ದರು. ಅವಳಿಗೂ ಅದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಅವಳು ಸುಳ್ಳು ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಕದ್ದು ತಿಂದರೂ ಕೇಳಿದ ಕೂಡಲೇ ಒಪ್ಪಿಕೊಳ್ಳುವವಳು.

ತಂಗಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ತಲೆಯೆತ್ತಿ, ಆ ಚೊಕ್ಕ ತಮಿಳಿನಲ್ಲಿ ಹೇಳಿದಳು.

"ನಾನ್‌ದಾನ್ ವೇಂಡಾಮ್‌ನು ಸೊನ್ನೇನ್ ಡಾಕ್ಟರ್. ಪಡಿ ನಿರೈಯ. ಅಕ್ಕಾ ವಾ ವಾನ್ನು ಕೂಪ್ಟಾಂಗ."

ನಾನೇ ಬೇಡ ಅಂದೆ ಡಾಕ್ಟರ್. ಮೆಟ್ಟಿಲು ಬಹಳ. ಅಕ್ಕ ಬಾ ಬಾ ಅಂತ ಕರೆದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಅಪ್ಪಡಿಯಾ?" ಎಂದರು. ಹೌದಾ?

ನಾನು ಹೌದೆಂದು ತಲೆಯಾಡಿಸಿದೆ.